ನಲವತ್ತು ದಾಟೇತಿ, ಅರವತ್ತು ಆಗಿಲ್ಲ: ನಡುವಿನ ಇಪ್ಪತ್ತು ವರ್ಷ ಎಲ್ಲಿ ದುಡಿಯೋದು?

ರೋಣ/ನರಗುಂದ/ಗಜೇಂದ್ರಗಡ: ಮೂರೂ ಊರಿನ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಅಂಗಡಿ ಮುಂದೆ ತೂಗುವ ಒಂದು ರಟ್ಟಿನ ಬೋರ್ಡ್ ಎಲ್ಲರಿಗೂ ಪರಿಚಯ. ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ.’ ಬಟ್ಟೆ ಅಂಗಡಿ, ಹಾರ್ಡ್‌ವೇರ್, ಖಾನಾವಳಿ, ಮೊಬೈಲ್ ಅಂಗಡಿ, ಎಲ್ಲಾ ಕಡೆ ಇದೇ ಮಾತು. ನಮ್ಮಲ್ಲಿ ಅಂಗಡಿ ಕೆಲಸದವನಿಗೆ ಇರೋ ಹೆಸರೇ ‘ಹುಡುಗ’. ಅಂದ ಮೇಲೆ ನಲವತ್ತೈದು ದಾಟಿದ, ಇಬ್ಬರು ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿರುವ ಮನುಷ್ಯ ಆ ಬೋರ್ಡ್ ಓದಿ ಒಳಗೆ ಹೋಗಬೇಕೋ, ಮುಂದೆ ಸಾಗಬೇಕೋ?

ಹೆಚ್ಚಿನವರು ಮುಂದೆ ಸಾಗ್ತಾರೆ. ಒಳಗೆ ಹೋದವರಿಗೆ ಸಿಗೋ ಉತ್ತರವೂ ಒರಟಾಗಿ ಇರೋದಿಲ್ಲ. “ಕಾಕಾರ, ನೀವು ಹಿರೇರು ಅದೀರಿ. ನಿಮಗ ಹೆಂಗ್ ಕೆಲಸ ಹೇಳೂದ್ರಿ?” ಇಪ್ಪತ್ತು ವರ್ಷ ದುಡಿದವರನ್ನು ಬಿಡಿಸುವಾಗಲೂ ಇದೇ ಧಾಟಿ. “ಸಾಕ್ರಿ ಇನ್ನ, ಎಷ್ಟಂತ ತ್ರಾಸ ತಗೋತೀರಿ. ಮನ್ಯಾಗ ಆರಾಮ ಇರ್ರಿ.” ಬೈದು ಕಳಿಸಿದರೆ ಸಿಟ್ಟಾದರೂ ಮಾಡಬಹುದು. ಗೌರವ ಕೊಟ್ಟು ಕಳಿಸಿದರೆ ಏನು ಮಾಡೋದು? ವಯಸ್ಸಿನ ತಾರತಮ್ಯ ನಮ್ಮ ಊರುಗಳಲ್ಲಿ ಹೀಗೆ ‘ರೀ’ ಹಚ್ಚಿ ಮಾತಾಡುತ್ತೆ. ಅದಕ್ಕೇ ಅದು ಸುದ್ದಿ ಆಗೋದಿಲ್ಲ.

ಆದರೆ ಮನೆಯಲ್ಲಿ ಆರಾಮ ಇರೋಕೆ ಪಿಂಚಣಿ ಎಲ್ಲಿದೆ? ಅಸಲಿ ಪ್ರಶ್ನೆ ಇಲ್ಲಿ ಶುರು.

ಬಾಗಿಲು ಮುಚ್ಚೋದು ಯಾವಾಗ, ತೆರೆಯೋದು ಯಾವಾಗ

ಸರ್ಕಾರದ ವಯಸ್ಸಿನ ಲೆಕ್ಕವನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದುಕೊಂಡರೆ ವಿಷಯ ತಾನೇ ಕಾಣುತ್ತೆ.

ಮೊದಲು ಮುಚ್ಚುವ ಬಾಗಿಲುಗಳು:

- ಗ್ರಾಮೀಣ ಯುವಕರಿಗೆ ಕೌಶಲ ತರಬೇತಿ ಕೊಡುವ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ: ಸಾಮಾನ್ಯವಾಗಿ 35 ವರ್ಷಕ್ಕೆ ಬಂದ್.
- ಅಂಗನವಾಡಿ ಕಾರ್ಯಕರ್ತೆ ಆಯ್ಕೆ: 19ರಿಂದ 35.
- ರಾಜ್ಯ ಸರ್ಕಾರಿ ನೇಮಕಾತಿ: ಸಾಮಾನ್ಯ ವರ್ಗ 35, ಹಿಂದುಳಿದ ವರ್ಗ 38, ಪರಿಶಿಷ್ಟರಿಗೆ 40. ಪರೀಕ್ಷೆಗೆ ಓದಿ ಓದಿ ವಯಸ್ಸು ಮೀರಿದವರ ಕೂಗಿಗೆ ಸರ್ಕಾರ ಈಚೆಗೆ 3 ವರ್ಷ ಸಡಿಲಿಕೆ ಕೊಟ್ಟಿದೆ, ಅಷ್ಟೇ.
- ಅಟಲ್ ಪಿಂಚಣಿ ಮತ್ತು ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್: ಸೇರೋಕೆ 18ರಿಂದ 40 ಮಾತ್ರ.

ಇನ್ನು ತೆರೆಯುವ ಬಾಗಿಲುಗಳು:

- ಭವಿಷ್ಯ ನಿಧಿ ಪಿಂಚಣಿ: 58ಕ್ಕೆ. ಅದೂ 10 ವರ್ಷ ಸೇವೆ ಇದ್ದರೆ. ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ.
- ಬಡ ಕುಟುಂಬದವರಿಗೆ ವೃದ್ಧಾಪ್ಯ ವೇತನ: 60ಕ್ಕೆ.
- 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ: 65ಕ್ಕೆ, ತಿಂಗಳಿಗೆ 1,200 ರೂಪಾಯಿ.

ಈಗ ನಡುವಿನ ಜಾಗ ನೋಡಿ. 41 ವರ್ಷದವನು ಹೊಸ ಕೆಲಸಕ್ಕೆ ‘ವಯಸ್ಸಾದವನು’. ಪಿಂಚಣಿಗೆ ‘ಇನ್ನೂ ಸಣ್ಣವನು’. ಪಿಎಫ್ ಇಲ್ಲದಿದ್ದರೆ ಕಡಿಮೆ ಅಂದರೂ 19 ವರ್ಷ ಅವನು ಯಾವ ಲೆಕ್ಕದಲ್ಲೂ ಬರೋದಿಲ್ಲ. ಮಕ್ಕಳ ಫೀ, ಮಗಳ ಮದುವೆ, ಅಪ್ಪ-ಅವ್ವನ ಔಷಧಿ, ಸೊಸೈಟಿ ಸಾಲ, ಸಂಘದ ಕಂತು, ಎಲ್ಲಾ ಒಟ್ಟಿಗೆ ಬೀಳೋದೂ ಇದೇ 19 ವರ್ಷದಲ್ಲಿ.

ಯಾರಿಗೆ ಎಲ್ಲಿ ಹೊಡೆತ

ಹೊಲದಿಂದ ಶುರು ಮಾಡೋಣ. ಎರಿ ಹೊಲದ ನಮ್ಮ ಸೀಮೆಯಲ್ಲಿ ಹೆಸರು, ಕಡಲೆ, ಗೋವಿನಜೋಳದ ರಾಶಿಗೆ ಈಗ ಮಷೀನ್ ಬಂದಿದೆ. ಕೈಯಿಂದ ಆಗೋ ಕೆಲಸ ಅಂದರೆ ಹತ್ತಿ ಬಿಡಿಸೋದು, ಕಸ ತೆಗೆಯೋದು, ಉಳ್ಳಾಗಡ್ಡಿ ಕೀಳೋದು, ಕೊಯ್ಯೋದು. ಅಲ್ಲೂ ಆಳು ಕರೆಯೋಕೆ ಬಂದವರು ಗಾಡಿ ಹತ್ತಿಸೋದು ಕೈಚುರುಕು ಇದ್ದವರನ್ನ. ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯೋಕೆ ಹೋದವರೂ ನಲವತ್ತೈದರ ಆಸುಪಾಸಿಗೆ ಮೊಣಕಾಲು ಹಿಡಿದುಕೊಂಡು ಊರಿಗೆ ವಾಪಸ್ ಬರ್ತಾರೆ. ಮೇಸ್ತ್ರಿ ಮತ್ತೆ ಫೋನ್ ಮಾಡೋದಿಲ್ಲ.

ಅಡತಿ ಅಂಗಡಿಗಳಲ್ಲಿ ಬೇರೆ ಕಥೆ. ಕೆಂಪು ಬಟ್ಟೆಯ ವಹಿಯಲ್ಲಿ ಕೀರ್ದಿ, ಖತಾವಣಿ ಬರೆದು ಬೆರಳು ಸವೆಸಿದ ಗುಮಾಸ್ತರು ಇದ್ದರು. ರಾಜ್ಯದ ಎಪಿಎಂಸಿಗಳಿಗೆ 2014ರಿಂದ ಆನ್‌ಲೈನ್ ಟೆಂಡರ್ ಕಾಲಿಟ್ಟಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅವತ್ತಿನಿಂದ ಕುರ್ಚಿಯ ಮುಂದೆ ಕಂಪ್ಯೂಟರ್, ಕುರ್ಚಿಯ ಮೇಲೆ ಟ್ಯಾಲಿ ಕಲಿತ ಹುಡುಗ. ಆದರೆ ಯಾವ ಊರಿನ ಯಾವ ರೈತ ಸುಗ್ಗಿಗೆ ತಪ್ಪದೆ ಬಾಕಿ ತೀರಿಸ್ತಾನೆ, ಯಾವ ಮಾಲು ಹಸಿ ಇದೆ ಅನ್ನೋದನ್ನ ಕೈಯಲ್ಲಿ ಹಿಡಿದು ಹೇಳೋನು ಹಳೆ ಗುಮಾಸ್ತನೇ. ಅದು ಟ್ಯಾಲಿಯಲ್ಲಿ ಸಿಗೋದಿಲ್ಲ.

ಗಜೇಂದ್ರಗಡದ ಮಗ್ಗಗಳ ಮಾತು ಇನ್ನೂ ಬೇರೆ. ಅಲ್ಲಿ ವಯಸ್ಸಾದವರನ್ನು ಯಾರೂ ಬಿಡಿಸುತ್ತಿಲ್ಲ. ಹೊಸಬರೇ ಬರುತ್ತಿಲ್ಲ. ಕೂಲಿ ಸಾಲದು ಅಂತ ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ. ಕಣ್ಣು ಮಂಜಾದರೂ ಕುಣಿಯಲ್ಲಿ ಕಾಲಿಟ್ಟು ಲಾಳಿ ಎಸೆಯೋರು ಹಿರಿಯರೇ. ಹೀಗೇ ಬಿಟ್ಟರೆ ಕೈ ನಿಂತ ದಿನ ವಿದ್ಯೆಯೂ ನಿಲ್ಲುತ್ತೆ. ಮರೆಯಾಗುತ್ತಿದ್ದ ಪಟ್ಟೇದಂಚು ಸೀರೆಯನ್ನು ಹೇಮಲತಾ ಜೈನ್ ಅವರು ಮತ್ತೆ ನೇಯಿಸೋಕೆ ಹೊರಟಾಗ ಗಜೇಂದ್ರಗಡದ ಹೆಸರು ರಾಜ್ಯದ ಹೊರಗೂ ಕೇಳಿಬಂತು. ಸತ್ತುಹೋಯಿತು ಅಂದುಕೊಂಡ ಕೆಲಸಕ್ಕೆ ಮತ್ತೆ ಗಿರಾಕಿ ಹುಟ್ಟಿದರೆ, ಅದನ್ನು ತಿಳಿದ ಕೈ ಊರಲ್ಲಿ ಉಳಿದಿರಬೇಕು.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ಮಕ್ಕಳು ಕೈಗೆ ಬಂದ ಮೇಲೆ, ಅಂದರೆ ನಲವತ್ತರ ಹೊತ್ತಿಗೆ, ಮೊದಲ ಸಲ ಪಗಾರದ ಕೆಲಸ ಹುಡುಕೋಕೆ ಹೊರಡುವ ಅಕ್ಕಂದಿರಿಗೆ ಬಾಗಿಲು ಆಗಲೇ ಮುಚ್ಚಿರುತ್ತೆ. ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರದ್ದೂ ಇದೇ ಪಾಡು: ವರ್ಷ ವರ್ಷ ‘ಈ ಸಲ ಕಾಯಂ ಆಗ್ತೀವಿ’ ಅಂತ ಕಾದು ಕಾದು ವಯೋಮಿತಿ ದಾಟಿದವರು. ಹಲವು ದಿನಗಳ ಮುಷ್ಕರದ ನಂತರ 2024ರ ಜನವರಿಯಲ್ಲಿ ಸರ್ಕಾರ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಗೌರವಧನ ಹೆಚ್ಚಿಸಿತು, 60 ತುಂಬಿದಾಗ 5 ಲಕ್ಷದವರೆಗೆ ಇಡಿಗಂಟು ಕೊಡೋದಾಗಿ ಹೇಳಿತು. ಕೇಳಿದ್ದಕ್ಕೆ ಸಿಕ್ಕಿತು. ಅಂಗಡಿ ಗುಮಾಸ್ತರಿಗೆ ಕೇಳೋ ಸಂಘವೇ ಇಲ್ಲ.

ಕಾನೂನು ಏನು ಹೇಳುತ್ತೆ

ಅಮೆರಿಕದಲ್ಲಿ 1967ರಲ್ಲೇ ಒಂದು ಕಾಯ್ದೆ ಬಂತು. 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸಕ್ಕೆ ತಗೊಳ್ಳದೆ ಇರೋದು, ತೆಗೆಯೋದು ತಪ್ಪು ಅಂತ. ಅಲ್ಲಿ ರಕ್ಷಣೆ ಶುರುವಾಗೋ ವಯಸ್ಸಿಗೇ ನಮ್ಮಲ್ಲಿ ಬಾಗಿಲು ಹಾಕಿಕೊಳ್ಳುತ್ತೆ. ನಮ್ಮ ಸಂವಿಧಾನದ 15 ಮತ್ತು 16ನೇ ವಿಧಿಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಹೆಸರಿದೆ. ವಯಸ್ಸಿನ ಹೆಸರಿಲ್ಲ. ಖಾಸಗಿ ಕೆಲಸದಲ್ಲಿ ವಯಸ್ಸಿನ ತಾರತಮ್ಯ ತಡೆಯುವ ಪ್ರತ್ಯೇಕ ಕಾಯ್ದೆಯೂ ದೇಶದಲ್ಲಿ ಇಲ್ಲ. ಆದ್ದರಿಂದ ‘ಹುಡುಗರು ಬೇಕು’ ಅಂತ ಬೋರ್ಡ್ ಹಾಕಿದ್ದು ಅಪರಾಧ ಆಗೋದಿಲ್ಲ.

ಹಾಗಂತ ಕೈ ಪೂರ್ತಿ ಖಾಲಿ ಇಲ್ಲ. ಮಾಲೀಕರೂ ಕೆಲಸದವರೂ ಇಬ್ಬರೂ ತಿಳಿದಿರಬೇಕಾದ ಮೂರು ಮಾತು ಇಲ್ಲಿವೆ.

ಒಂದು, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, 6 ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಪಗಾರ ಕೊಡದೆ ತೆಗೆಯುವಂತಿಲ್ಲ. ‘ನಾಳೆಯಿಂದ ಬರಬ್ಯಾಡ್ರಿ’ ಅನ್ನೋದು ನಡೆಯೋದಿಲ್ಲ.

ಎರಡು, 10 ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಸಂಸ್ಥೆಯಲ್ಲಿ 5 ವರ್ಷ ಸತತ ಕೆಲಸ ಮಾಡಿದವರು ಬಿಡುವಾಗ ಗ್ರಾಚ್ಯುಟಿ ಸಿಗಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರದ ಲೆಕ್ಕ. ಇದು ಮಾಲೀಕರ ದಯೆ ಅಲ್ಲ, ಹಕ್ಕು. ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿದೆ.

ಮೂರು, ಇದೆಲ್ಲ ಸಿಗಬೇಕಾದರೆ ‘ನಾನು ಇಲ್ಲಿ ಇಷ್ಟು ವರ್ಷ ದುಡಿದೆ’ ಅನ್ನೋಕೆ ಕಾಗದ ಬೇಕು. ನಮ್ಮ ಪೇಟೆಯಲ್ಲಿ ಇಲ್ಲದಿರೋದು ಇದೇ. ನೇಮಕದ ಚೀಟಿ ಇಲ್ಲ, ಪಗಾರ ಕೈಯಲ್ಲಿ. ಪಗಾರವನ್ನು ಫೋನ್‌ಪೇಯಲ್ಲೋ ಬ್ಯಾಂಕಿಗೋ ಹಾಕಿಸಿಕೊಳ್ಳಿ. ಪಾಸ್‌ಬುಕ್ಕಿನ ಸಾಲುಗಳೇ ನಾಳೆ ಸಾಕ್ಷಿ ಆಗ್ತವೆ. ತಂಟೆ ಬಂದರೆ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಅರ್ಜಿ ಕೊಡಬಹುದು.

ಮಾಲೀಕರ ಲೆಕ್ಕವೂ ಒಮ್ಮೆ ನೋಡೋಣ

ಅಂಗಡಿಕಾರರ ಕಷ್ಟ ಸುಳ್ಳಲ್ಲ. ಆನ್‌ಲೈನ್ ಖರೀದಿಯಿಂದ ವ್ಯಾಪಾರ ಇಳಿದಿದೆ. ಗೋದಾಮಿನಿಂದ ಚೀಲ ಇಳಿಸಬೇಕು, ವಾಟ್ಸ್‌ಆಪ್‌ನಲ್ಲಿ ಬಂದ ಆರ್ಡರ್ ನೋಡಬೇಕು, ಬಿಲ್ ಮಷೀನ್ ಒತ್ತಬೇಕು. “ಮೂವತ್ತು ವರ್ಷ ಮಾಡೀನಿ, ನೀ ನನಗ ಹೇಳ್ತೀಯೇನ ತಮ್ಮಾ” ಅಂತ ಹೊಸದು ಕಲಿಯೋಕೆ ಒಲ್ಲೆ ಅನ್ನೋ ಹಿರಿಯರೂ ಇದ್ದಾರೆ. ಇದು ಒಪ್ಪಬೇಕಾದ ಮಾತು.

ಆದರೆ ಇನ್ನೊಂದು ಲೆಕ್ಕ ಮಾಡಿ. ಒಬ್ಬ ಹುಡುಗ ಬರ್ತಾನೆ. ಸರಕು ಎಲ್ಲಿದೆ, ರೇಟು ಎಷ್ಟು, ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಬೇಡ ಅನ್ನೋದು ಕಲಿಯೋಕೆ ಒಂದೂವರೆ ತಿಂಗಳು ಅಂತ ಹಿಡಿಯಿರಿ. ಆರು ತಿಂಗಳಿಗೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಟುಹೋಗ್ತಾನೆ. ಮತ್ತೊಬ್ಬ ಬರ್ತಾನೆ. ವರ್ಷಕ್ಕೆ ಇಬ್ಬರು ಬದಲಾದರೆ ಮೂರು ತಿಂಗಳು ನೀವು ಅರ್ಧ ಕೆಲಸಕ್ಕೆ ಪೂರ್ತಿ ಪಗಾರ ಕೊಟ್ಟ ಹಾಗಾಯಿತು. ಐವತ್ತರ ಮನುಷ್ಯ ಹೊಸ ಕೆಲಸ ಹುಡುಕಿಕೊಂಡು ಓಡೋದಿಲ್ಲ. ಗಲ್ಲಾ ಪೆಟ್ಟಿಗೆ ಬಿಟ್ಟು ಊಟಕ್ಕೆ ಹೋಗುವ ಧೈರ್ಯಕ್ಕೂ ಒಂದು ಬೆಲೆ ಇದೆ. ಚೀಲ ಎತ್ತೋಕೆ ಹುಡುಗ, ಗಿರಾಕಿ ಮತ್ತು ಉದ್ರಿ ನೋಡೋಕೆ ಹಿರಿಯ. ಹೀಗೆ ಜೋಡಿ ಹಾಕಿದ ಅಂಗಡಿಗೆ ನಷ್ಟ ಇಲ್ಲ.

ಎಷ್ಟೋ ಸಲ ‘ವಯಸ್ಸಾಯ್ತು, ಕೈ ನಿಧಾನ’ ಅನ್ನೋದು ಬರೀ ಕಣ್ಣಿನ ಸಮಸ್ಯೆ. ನಲವತ್ತರ ಹೊತ್ತಿಗೆ ಹತ್ತಿರದ್ದು ಮಸುಕಾಗೋದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರೇ ‘ಚಾಳೀಸು’, ಅಂದರೆ ನಲವತ್ತು. ಅಸ್ಸಾಂನ ಚಹಾ ತೋಟದಲ್ಲಿ ನಲವತ್ತು ದಾಟಿದ ಸುಮಾರು 750 ಕಾರ್ಮಿಕರ ಮೇಲೆ ನಡೆದ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಹತ್ತಿರದ ಕನ್ನಡಕ ಸಿಕ್ಕವರು, ಸಿಗದವರಿಗಿಂತ ಶೇ 20ಕ್ಕೂ ಹೆಚ್ಚು ಕೆಲಸ ತೆಗೆದರು. ನೇಕಾರರು, ಟೇಲರ್‌ಗಳು, ಹೆಸರು-ಕಡಲೆ ಹಸನು ಮಾಡುವ ಅಕ್ಕಂದಿರು ಮೊದಲು ಕಣ್ಣು ತೋರಿಸಲಿ. ರಾಜ್ಯ ಸರ್ಕಾರದ ಆಶಾಕಿರಣ ಕಾರ್ಯಕ್ರಮದಲ್ಲಿ ಕಣ್ಣು ತಪಾಸಣೆ, ಕನ್ನಡಕ ಉಚಿತ. ಆಶಾ ಕಾರ್ಯಕರ್ತೆಯರನ್ನು ಕೇಳಿ. ಎಷ್ಟೋ ಮಂದಿ ಒಂದು ಕನ್ನಡಕದಿಂದ ಹತ್ತು ವರ್ಷ ಹೆಚ್ಚು ದುಡಿಯಬಹುದು.

ಯಾವ ವಯಸ್ಸಿಗೆ ಏನು ಮಾಡಬೇಕು

*40 ಆಗೋಕೆ ಮುಂಚೆ:* ಪಿಂಚಣಿ ಬಾಗಿಲು ಮುಚ್ಚುವ ಮುನ್ನ ಒಳಗೆ ಹೋಗಿ. ಶ್ರಮಯೋಗಿ ಮಾನ್‌ಧನ್‌ಗೆ 40ನೇ ವಯಸ್ಸಿಗೆ ಸೇರಿದರೂ ತಿಂಗಳಿಗೆ 200 ರೂಪಾಯಿ ಕಂತು, 60ರ ನಂತರ ತಿಂಗಳಿಗೆ 3,000 ಪಿಂಚಣಿ. ಆದಾಯ ತಿಂಗಳಿಗೆ 15,000ದ ಒಳಗಿರಬೇಕು, ಪಿಎಫ್-ಇಎಸ್‌ಐ ಇರಬಾರದು. ಅಟಲ್ ಪಿಂಚಣಿಗೆ ಅದೇ ವಯಸ್ಸಿಗೆ ಸೇರಿದರೆ 1,000 ಪಿಂಚಣಿಗೆ ತಿಂಗಳಿಗೆ 291, 5,000 ಪಿಂಚಣಿಗೆ 1,454 ಕಂತು. ಆದಾಯ ತೆರಿಗೆ ಕಟ್ಟುವವರಿಗೆ ಇದು ಇಲ್ಲ.

*40ರಿಂದ 57:* ಕಟ್ಟಡ ಕೆಲಸ ಮಾಡುವವರು, ಗೌಂಡಿ, ಬಾರ್ ಬೆಂಡರ್, ಪೇಂಟರ್, ಪ್ಲಂಬರ್ ಯಾರೇ ಇರಲಿ, ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸಿ. ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. 60ರ ನಂತರದ ಪಿಂಚಣಿಗೆ ಕನಿಷ್ಠ 3 ವರ್ಷದ ಸದಸ್ಯತ್ವ ಬೇಕು. 58ಕ್ಕೆ ಎಚ್ಚರಾದರೆ ತಡ. ಪಿಎಫ್ ಇದ್ದವರು 10 ವರ್ಷ ತುಂಬುವ ಮುನ್ನ ಪಿಂಚಣಿ ಹಣ ತೆಗೆದು ಖರ್ಚು ಮಾಡಬೇಡಿ. ತೆಗೆದರೆ ಪಿಂಚಣಿ ಹಕ್ಕೂ ಹೋಗುತ್ತೆ.

ವಯಸ್ಸಿನ ಮೇಲ್ಮಿತಿ ಇಲ್ಲದ ಯೋಜನೆಗಳೂ ಇವೆ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮದಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಗೌಂಡಿ, ಕ್ಷೌರಿಕ, ಚಮ್ಮಾರ, ಟೇಲರ್ ಸೇರಿ 18 ಕಸುಬುಗಳಿವೆ. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, 15,000ದವರೆಗೆ ಸಲಕರಣೆ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. 18 ತುಂಬಿದ್ದರೆ ಸಾಕು, ಐವತ್ತೈದರವರೂ ಅರ್ಜಿ ಹಾಕಬಹುದು. ಮನೆಗೆ ಒಬ್ಬರಿಗೆ ಮಾತ್ರ. ಕೈಮಗ್ಗ ನೇಕಾರರು ಈ 18ರ ಪಟ್ಟಿಯಲ್ಲಿ ಇಲ್ಲ. ಅವರು ರಾಜ್ಯದ ನೇಕಾರ ಸಮ್ಮಾನ್ ಯೋಜನೆಯ ವರ್ಷಕ್ಕೆ 5,000 ರೂಪಾಯಿ ಬರುತ್ತಿದೆಯೋ ಇಲ್ಲವೋ ನೋಡಿಕೊಳ್ಳಬೇಕು. ಸ್ವಂತ ಅಂಗಡಿ ಹಾಕೋರಿಗೆ ಮುದ್ರಾ ಸಾಲ, ಪಿಎಂಇಜಿಪಿ ಇವೆ.

*ಕಲಿಯೋ ಮಾತು:* ಎಲ್ಲರೂ ಕಂಪ್ಯೂಟರ್ ಕ್ಲಾಸಿಗೆ ಹೋಗಬೇಕಿಲ್ಲ. ಅಂಗಡಿ ಕೆಲಸಕ್ಕೆ ಬೇಕಾಗಿರೋದು ನಾಲ್ಕೇ ಸಂಗತಿ: ಬಿಲ್ ಮಷೀನ್, ಯುಪಿಐ ಹಣ ಬಂತೋ ಇಲ್ಲವೋ ನೋಡೋದು, ವಾಟ್ಸ್‌ಆಪ್‌ನಲ್ಲಿ ಆರ್ಡರ್ ತಗೊಳ್ಳೋದು, ಫೋಟೋ ತೆಗೆದು ಕಳಿಸೋದು. ಮಗಳೋ ಮೊಮ್ಮಗನೋ ಹದಿನೈದು ದಿನದಲ್ಲಿ ಕಲಿಸ್ತಾರೆ. ಗುಮಾಸ್ತಗಿರಿ ಮಾಡಿದವರಿಗೆ ಟ್ಯಾಲಿ ಕಷ್ಟ ಅಲ್ಲ. ಜಮಾ-ಖರ್ಚು ಗೊತ್ತಿಲ್ಲದೆ ಬಟನ್ ಮಾತ್ರ ಒತ್ತೋಕೆ ಕಲಿತವರಿಗಿಂತ ಅವರು ಬೇಗ ಹಿಡಿಯುತ್ತಾರೆ. ಕೆಲಸ ಕೇಳೋಕೆ ಹೋದಾಗ ‘ಏನಾದರೂ ಇದ್ದರೆ ನೋಡ್ರಿ’ ಅನ್ನಬೇಡಿ. ‘ನನಗೆ ಸುತ್ತಲಿನ ಹತ್ತು ಹಳ್ಳಿ ಗಿರಾಕಿ ಗೊತ್ತು, ಉದ್ರಿ ವಸೂಲಿ ಮಾಡ್ತೀನಿ, ಬಿಲ್ ಮಷೀನೂ ಬರುತ್ತೆ’ ಅಂತ ಹೇಳಿ.

*60 ದಾಟಿದವರು:* ಉದ್ಯೋಗ ಖಾತ್ರಿಗೆ ಮೇಲ್ಮಿತಿ ಇಲ್ಲ. 2025-26ರಲ್ಲಿ ರಾಜ್ಯದ ಕೂಲಿ ದಿನಕ್ಕೆ 370 ರೂಪಾಯಿ. 60 ದಾಟಿದವರಿಗೆ ಕೆಲಸದ ಅಳತೆಯಲ್ಲಿ ಶೇ 50 ರಿಯಾಯಿತಿ ನಮ್ಮ ರಾಜ್ಯದಲ್ಲಿದೆ. ಅರ್ಧ ಅಳತೆ ಮಾಡಿದರೂ ಪೂರ್ತಿ ಕೂಲಿ. 2005ರ ಕಾಯ್ದೆಯ ಬದಲು ವರ್ಷಕ್ಕೆ 125 ದಿನದ ಹೊಸ ಕಾಯ್ದೆಗೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಈ ಬದಲಾವಣೆಯಲ್ಲಿ ಹಿರಿಯರ ರಿಯಾಯಿತಿ ಕೈತಪ್ಪಬಾರದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಮೊದಲ ಪ್ರಶ್ನೆಯಾಗಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಬೋರ್ಡ್ ಬದಲಾಗಲಿ

ಎಲ್ಲಾ ಭಾರವನ್ನು ದುಡಿಯುವವನ ತಲೆ ಮೇಲೆ ಹಾಕಿ ‘ಕಲಿ, ಬದಲಾಗು’ ಅನ್ನೋದು ಸುಲಭ. ಅದು ಅರ್ಧ ನ್ಯಾಯ. ಉಳಿದ ಅರ್ಧ ಸರ್ಕಾರ ಮತ್ತು ಪೇಟೆಯದ್ದು. ಕೌಶಲ ತರಬೇತಿಯ ವಯಸ್ಸು 35ಕ್ಕೆ ನಿಲ್ಲೋದು ಯಾಕೆ? ಮಷೀನ್‌ನಿಂದ ಕೆಲಸ ಕಳೆದುಕೊಳ್ಳುವವರು ಹೆಚ್ಚಾಗಿ ಅದಕ್ಕಿಂತ ದೊಡ್ಡವರೇ. ಪಿಂಚಣಿ ಸೇರೋ ವಯಸ್ಸನ್ನು 40ರಿಂದ ಮುಂದೆ ತರೋಕೆ, ಕಂತು ಹೆಚ್ಚಾದರೂ ಸರಿ, ಅಡ್ಡಿ ಏನು? ನಮ್ಮ ಶಾಸಕರು, ಸಂಸದರ ಮುಂದೆ ಇಡಬೇಕಾದ ಪ್ರಶ್ನೆಗಳು ಇವು.

ಪೇಟೆ ಮಾಡಬಹುದಾದ ಕೆಲಸಕ್ಕೆ ಸರ್ಕಾರದ ಆದೇಶವೂ ಬೇಡ, ರೊಕ್ಕವೂ ಬೇಡ. ವರ್ತಕರ ಸಂಘಗಳು ಒಂದು ಸಭೆಯಲ್ಲಿ ಕೂತು ಎರಡು ಮಾತು ಒಪ್ಪಿಕೊಂಡರೆ ಸಾಕು. ಹತ್ತು ವರ್ಷ ದುಡಿದವರನ್ನು ಬಿಡಿಸುವ ಮುನ್ನ ಅರ್ಧ ದಿನದ ಕೆಲಸ, ಕೂತು ಮಾಡೋ ಕೆಲಸ ಇದೆಯಾ ನೋಡೋದು. ಬಿಡಿಸಲೇಬೇಕಾದರೆ ಲೆಕ್ಕ ಚುಕ್ತಾ ಮಾಡಿ, ದುಡಿದಿದ್ದಕ್ಕೆ ಒಂದು ಚೀಟಿ ಬರೆದುಕೊಟ್ಟು ಕಳಿಸೋದು. ಹಿರಿಯರಿಗೆ ‘ರೀ’ ಅನ್ನೋ ಗೌರವ ಆಗ ಪೂರ್ತಿ ಆಗುತ್ತೆ.

ಇನ್ನೊಂದು ಸಣ್ಣ ಕೆಲಸ ಇವತ್ತೇ ಆಗಬಹುದು. ಅಂಗಡಿ ಮುಂದಿನ ರಟ್ಟಿನ ಮೇಲೆ ‘ಹುಡುಗರು’ ಅನ್ನೋದನ್ನು ಹೊಡೆದುಹಾಕಿ ‘ಕೆಲಸದವರು ಬೇಕಾಗಿದ್ದಾರೆ’ ಅಂತ ಬರೆಯಿರಿ. ಅದನ್ನು ಓದಿ ಒಳಗೆ ಬರೋ ಐವತ್ತರ ಮನುಷ್ಯ ನಿಮ್ಮ ಅಂಗಡಿಗೆ ಲಾಭ ತರಬಹುದು. ತರದಿದ್ದರೆ ಬೇಡ ಅನ್ನೋಕೆ ನಿಮಗೆ ಹಕ್ಕಿದ್ದೇ ಇದೆ. ಬಾಗಿಲಲ್ಲೇ ವಾಪಸ್ ಕಳಿಸೋದು ಬ್ಯಾಡ್ರಿ.